ಗಣಕಯಂತ್ರದ ಕೈದಾಸ್ತಾನು

ಮನೆಯಲ್ಲಿಯೋ ಅಂಗಡಿಯಲ್ಲಿಯೋ ಕಂಪ್ಯೂಟರನ್ನು ಇಟ್ಟುಕೊಂಡಿರುವ ಅನೇಕರನ್ನು ಒಂದು ಸಂಶಯವು ಆಗಾಗ ಬಾಧಿಸುವುದುಂಟು. 4 ಗಿಗಾಬೈಟು ಮೆಮೊರಿಯುಳ್ಳ ಯಂತ್ರವನ್ನು ಹಣ ಕೊಟ್ಟು ತಂದದ್ದಾಯಿತು. ಬೆಳಗಿನಿಂದ ಅದರಲ್ಲಿ ನಾಲ್ಕಾರು ಪತ್ರಗಳನ್ನು ಬರೆದು, ಮದುವೆಯೊಂದರ ನೂರಾರು ಛಾಯಾಚಿತ್ರಗಳನ್ನೂ ವಿಡಿಯೋವನ್ನೂ ನೋಡಿ ಮುಚ್ಚಿದ್ದಾಯಿತು. ಈಗ ಯಾವ ತಂತ್ರಾಂಶವೂ ತೆರೆದಿಲ್ಲ. ಆದರೂ ಬರಿದಾಗಿರುವ ಮೆಮೊರಿ ಎಷ್ಟೆಂದು ಕೇಳಿದರೆ ಯಂತ್ರವು ಇನ್ನೂರು ಮುನ್ನೂರು ಮೆಗಾಬೈಟಿನ ಲೆಕ್ಕವನ್ನು ಮುಂದಿಡುತ್ತದೆ. ಮಿಕ್ಕದ್ದನ್ನೆಲ್ಲ ನುಂಗಿದವರು ಯಾರು?

ಉತ್ತರವನ್ನು ಮೊದಲೇ ಹೇಳಿಬಿಡುವುದು ಲೇಸು. ಯಾರೂ ನುಂಗಿಲ್ಲ. ಡಿಸ್ಕಿನಿಂದ ಒಮ್ಮೆ ಓದಿದ ಕಡತಗಳ ಪ್ರತಿಗಳನ್ನು ಯಂತ್ರವು ಮತ್ತೆ ಬೇಕಾದೀತೆಂದು ತನ್ನ ಮೆಮೊರಿಯಲ್ಲಿಯೇ ಕೈಗೆ ಸಿಗುವಂತೆ ಇರಿಸಿಕೊಂಡಿದೆ, ಅಷ್ಟೆ. ಇಂಗ್ಲಿಷಿನಲ್ಲಿ ಈ ಏರ್ಪಾಡಿಗೆ ಕ್ಯಾಶ್ ಎಂದು ಹೆಸರು. ನಗದು ಹಣವನ್ನು ಸೂಚಿಸುವ ಕ್ಯಾಶ್‌ಗೂ ಇದಕ್ಕೂ ಉಚ್ಚಾರದಲ್ಲಿ ಮಾತ್ರ ನಂಟು. ಗೊಂದಲವಾಗದಂತೆ ನಾವು ಇದನ್ನು ಕೈದಾಸ್ತಾನು ಎಂದು ಕರೆಯೋಣ. ಈ ಕೈದಾಸ್ತಾನಿಗೆ ಮಿತಿ ಹಾಕಬೇಕೆ, ಹಾಕುವುದಾದರೆ ಎಲ್ಲಿ ಹಾಕಬೇಕು ಎಂಬುದೇ ಪ್ರಕೃತ ವಿಷಯ.

ಗುಡಾಣವೂ ದಾರಿಯ ದೂರವೂ

ಯಂತ್ರವು ಇಷ್ಟು ಆಸೆಪಟ್ಟು ಪ್ರತಿಗಳನ್ನು ಕೂಡಿಡುವುದೇಕೆ? ಮೆಮೊರಿಗೂ ಡಿಸ್ಕಿಗೂ ಇರುವ ವೇಗದ ಅಂತರವನ್ನು ಕಂಡರೆ ಇದು ಅರ್ಥವಾಗುತ್ತದೆ. ಮೆಮೊರಿಯಲ್ಲಿರುವ ಒಂದು ಅಂಕಿಯನ್ನು ತೆಗೆದುಕೊಳ್ಳಲು ಸುಮಾರು 100 ನ್ಯಾನೋಸೆಕೆಂಡು ಸಾಕು. ಎಂದರೆ ಒಂದು ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗ. ತಿರುಗುವ ತಟ್ಟೆಗಳುಳ್ಳ ಹಾರ್ಡ್ ಡಿಸ್ಕಿನಲ್ಲಾದರೋ, ಓದುವ ಕಡ್ಡಿಯು ಒಳಗೆ ಹೊರಗೆ ಸರಿದು ಸರಿಯಾದ ವರ್ತುಲದ ಮೇಲೆ ನಿಲ್ಲಬೇಕು. ಬೇಕಾದ ಭಾಗವು ತಿರುಗಿ ಅದರ ಕೆಳಕ್ಕೆ ಬರುವ ತನಕ ಕಾಯಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಹಿಡಿಯುತ್ತದೆ. ಎಲ್ಲವೂ ಸೇರಿ ಒಂದು ಓದಿಗೆ ಸುಮಾರು 10 ಮಿಲಿಸೆಕೆಂಡು ಎನ್ನಬಹುದು. ಮೆಮೊರಿಗೆ ಹೋಲಿಸಿದರೆ ಇದು ಒಂದು ಲಕ್ಷ ಪಟ್ಟು ಹೆಚ್ಚು.

ಲಕ್ಷ ಪಟ್ಟು ಎಂಬ ಮಾತು ಕಿವಿಗೆ ಬಿದ್ದು ಹಾಗೆಯೇ ಜಾರಿಹೋಗುವಂಥದು. ಅದನ್ನು ನಮ್ಮ ನಡಿಗೆಯ ಅಳತೆಗೆ ತಂದು ನೋಡೋಣ. ಚಾಮರಾಜನಗರದ ಒಂದು ಮನೆಯಲ್ಲಿ ಗೃಹಿಣಿಯು ಒಲೆಯ ಮುಂದೆ ಕುಳಿತು, ಪಕ್ಕದ ಗುಡಾಣಕ್ಕೆ ಕೈಹಾಕಿ ಒಂದು ಹಿಡಿ ಹಿಟ್ಟನ್ನು ತೆಗೆಯುತ್ತಾಳೆ. ಇದಕ್ಕೆ ಒಂದು ಸೆಕೆಂಡು ಹಿಡಿಯಿತೆಂದು ಭಾವಿಸೋಣ, ಇದೇ ಮೆಮೊರಿ. ಆಗ ಡಿಸ್ಕಿಗೆ ಹೋಗಿ ಬರುವುದಕ್ಕೆ ಒಂದು ಲಕ್ಷ ಸೆಕೆಂಡು, ಎಂದರೆ 27 ಗಂಟೆಗೂ ಮಿಕ್ಕ ಕಾಲ ಬೇಕಾಗುತ್ತದೆ. ಹಿಟ್ಟು ಬೇಕಾದಾಗಲೆಲ್ಲ ಮನೆಯಿಂದ ಹೊರಟು, ತೆರಕಣಾಂಬಿಯ ಮೇಲೆ ಹಾದು, ಮೂವತ್ತೈದು ಕಿಲೋಮೀಟರಿನಷ್ಟು ದೂರದ ಗುಂಡ್ಲುಪೇಟೆಗೆ ಕಾಲ್ನಡಿಗೆಯಲ್ಲಿ ಹೋಗಿ, ಅಲ್ಲಿ ರಾತ್ರಿ ಮಲಗಿ, ಮರುದಿನ ಹಿಟ್ಟಿನೊಡನೆ ಹಿಂದಿರುಗಿದಂತಾಯಿತು! ತಟ್ಟೆಯಿಲ್ಲದ ಹೊಸ ಬಗೆಯ ಎಸ್.ಎಸ್.ಡಿ. ಡಿಸ್ಕುಗಳು ಈ ದೂರವನ್ನು ಬಹಳ ತಗ್ಗಿಸಿವೆ. ಅವುಗಳಲ್ಲಿ ಒಂದು ಓದಿಗೆ 100 ಮೈಕ್ರೋಸೆಕೆಂಡಿನ ಆಸುಪಾಸು. ನಮ್ಮ ಅಳತೆಯಲ್ಲಿ ಹದಿನೇಳು ನಿಮಿಷ. ಪಕ್ಕದ ಬೀದಿಯ ಅಂಗಡಿಗೆ ಹೋಗಿ ಬಂದಂತೆ. ಆದರೂ ಒಲೆಯ ಪಕ್ಕದ ಗುಡಾಣಕ್ಕೆ ಅದು ಸಾಟಿಯಲ್ಲ.

ಇಲ್ಲಿ ಒಂದು ಸೋಜಿಗವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಕ್ಯಾಶ್ ಎಂಬುದು ಬಚ್ಚಿಡು ಎಂಬರ್ಥದ ಫ್ರೆಂಚ್ ಧಾತುವಿನಿಂದ ಹುಟ್ಟಿದ ಪದ. ಉತ್ತರ ಅಮೆರಿಕದ ಕಾಡುಗಳಲ್ಲಿ ತುಪ್ಪಳದ ಬೇಟೆಗೆ ಹೋಗುತ್ತಿದ್ದವರು ಆಹಾರ ಸಾಮಗ್ರಿಗಳನ್ನು ಗುಟ್ಟಾಗಿ ಬಚ್ಚಿಡುತ್ತಿದ್ದ ತಾಣಕ್ಕೆ ಆ ಹೆಸರಿತ್ತು. ಹಳೆಯ ಮೈಸೂರು ಸೀಮೆಯ ರೈತರು ರಾಗಿಯನ್ನು ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣೆಳೆಯುತ್ತಿದ್ದ ಹಗೇವು ಕೂಡ ಇಂಥದೇ. ಆದರೆ ಹಗೇವನ್ನು ತೆರೆಯುವುದು ಹಬ್ಬದಷ್ಟೇ ಅಪರೂಪದ ಕೆಲಸ. ಮುಚ್ಚಳ ತೆಗೆದು, ಒಳಗಿನ ಕೆಟ್ಟ ಗಾಳಿ ಹೊರಟುಹೋಗುವ ತನಕ ಕಾದು, ಆಮೇಲೆ ಇಳಿಯಬೇಕು. ಹೀಗಾಗಿ ಹಗೇವಿಗೆ ಸರಿಹೋಲುವುದು ಡಿಸ್ಕೇ ಹೊರತು ಕ್ಯಾಶ್ ಅಲ್ಲ. ಪದವು ಒಂದು ದಿಕ್ಕಿಗೆ ಹೋಯಿತು, ಪದಾರ್ಥವು ಇನ್ನೊಂದು ದಿಕ್ಕಿಗೆ!

ಈ ಉಪಾಯವು ಹೊಸದೇನಲ್ಲ. ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ 1965ರಲ್ಲಿ ಬರೆದ ಲೇಖನವೊಂದರಲ್ಲಿ, ದೊಡ್ಡದಾದ ಆದರೆ ನಿಧಾನವಾದ ಸ್ಮೃತಿಯೊಂದಕ್ಕೆ ಚಿಕ್ಕದಾದ ಶೀಘ್ರ ಸ್ಮೃತಿಯೊಂದನ್ನು ಊಳಿಗಕ್ಕೆ ಇಡಬಹುದೆಂದು ಸೂಚಿಸಿದರು. 1968ರಲ್ಲಿ ಐ.ಬಿ.ಎಂ. ಸಂಸ್ಥೆಯು ಪ್ರಕಟಿಸಿದ ಸಿಸ್ಟಂ 360 ಮಾದರಿ 85ರಲ್ಲಿ ಆ ಬಗೆಯ ಏರ್ಪಾಡಿತ್ತು. ಅದು ಸಂಸ್ಕಾರಕಕ್ಕೂ ಮುಖ್ಯ ಮೆಮೊರಿಗೂ ನಡುವಣ ಮಾತು. ಡಿಸ್ಕಿಗೂ ಮೆಮೊರಿಗೂ ನಡುವೆ ಇದೇ ತತ್ತ್ವವನ್ನು ಕಾರ್ಯಾಚರಣ ವ್ಯವಸ್ಥೆಯು ತಂತ್ರಾಂಶದ ಮೂಲಕ ನಡೆಸುತ್ತದೆ.

ಓದುವ ದಾಸ್ತಾನಿಗೆ ಕಡಿವಾಣ ಬೇಡ

ವಾಚಕರು ಒಂದು ಚಿಕ್ಕ ಪರೀಕ್ಷೆಯನ್ನು ಮಾಡಿ ನೋಡಬಹುದು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದ ಕೂಡಲೆ ಲಿಬ್ರೆಆಫೀಸಿನಂತಹ ದೊಡ್ಡ ತಂತ್ರಾಂಶವೊಂದನ್ನು ತೆರೆದು ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿಕೊಳ್ಳಿ. ಅದನ್ನು ಮುಚ್ಚಿ ಮತ್ತೆ ತೆರೆಯಿರಿ. ಹಾರ್ಡ್ ಡಿಸ್ಕಿನ ಯಂತ್ರವಾಗಿದ್ದರೆ ಎರಡನೆಯ ಸಲ ಅದು ಎಷ್ಟೋ ಬೇಗನೆ ತೆರೆದೀತು. ಮೊದಲ ಸಲ ಡಿಸ್ಕಿಗೆ ಹೋಗಿಬಂದ ಕಾಲುಗಳು ಎರಡನೆಯ ಸಲ ಅಡಿಗೆಮನೆಯನ್ನು ಬಿಟ್ಟು ಕದಲಲಿಲ್ಲ.

ಹಾಗಾದರೆ ಹೊಸ ತಂತ್ರಾಂಶವೊಂದಕ್ಕೆ ಸ್ಥಳ ಬೇಕಾದರೆ? ಕಾರ್ಯಾಚರಣ ವ್ಯವಸ್ಥೆಯು ಪ್ರತಿಗಳಲ್ಲಿ ಕೆಲವನ್ನು ಆ ಕ್ಷಣವೇ ಎಸೆದು ಜಾಗ ಕೊಡುತ್ತದೆ. ಮೂಲವು ಡಿಸ್ಕಿನಲ್ಲಿ ಭದ್ರವಾಗಿರುವುದರಿಂದ ಪ್ರತಿಯನ್ನು ಎಸೆದರೆ ನಷ್ಟವೇನೂ ಇಲ್ಲ. ಆದುದರಿಂದಲೇ ಲಿನಕ್ಸ್ ವ್ಯವಸ್ಥೆಯಲ್ಲಿ ಫ್ರೀ ಎಂಬ ಆಜ್ಞೆಯನ್ನು ಕೊಟ್ಟಾಗ ಬರುವ ಲೆಕ್ಕದಲ್ಲಿ, ಬರಿದಾಗಿದೆ ಎಂಬ ಕಂಬಸಾಲನ್ನು ನೋಡಿ ಗಾಬರಿಪಡಬಾರದು. ಅವೈಲಬಲ್ ಎಂಬ ಇನ್ನೊಂದು ಕಂಬಸಾಲಿದೆ. ಬೇಕೆಂದಾಗ ಬಿಡಿಸಿಕೊಳ್ಳಬಹುದಾದ ದಾಸ್ತಾನೂ ಅದರಲ್ಲಿ ಸೇರಿರುತ್ತದೆ. ನಿಜವಾದ ಲೆಕ್ಕ ಅದೇ. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿಯೂ ಇದೇ ಹೆಸರಿನ ಅಂಕಿಯನ್ನು ಕಾಣಬಹುದು. ಮೆಮೊರಿಯನ್ನು ತೊಳೆದು ಹಸನು ಮಾಡಿಕೊಡುತ್ತೇವೆಂದು ಸಾರುವ ತಂತ್ರಾಂಶಗಳು ಪೇಟೆಯಲ್ಲಿ ಹಲವುಂಟು. ಅವುಗಳಲ್ಲಿ ಬಹುಪಾಲು ಮಾಡುವ ಕೆಲಸ, ತುಂಬಿದ ಗುಡಾಣವನ್ನು ಬೀದಿಗೆ ಸುರಿದು ಅಡಿಗೆಮನೆ ಚೊಕ್ಕಟವಾಯಿತೆಂದು ಬೀಗುವುದು. ಇವುಗಳಿಗೆ ಹಣ ಕೊಡುವುದು ದಂಡವೆಂದೇ ನಮ್ಮ ಅಭಿಪ್ರಾಯ.

ಯಾವ ಪ್ರತಿಯನ್ನು ಎಸೆಯಬೇಕು, ಯಾವುದನ್ನು ಉಳಿಸಬೇಕು ಎಂಬುದು ಮಾತ್ರ ಚತುರತೆಯನ್ನು ಬೇಡುವ ಪ್ರಶ್ನೆ. ಬಹಳ ಹೊತ್ತಿನಿಂದ ಮುಟ್ಟದೆ ಇರುವುದನ್ನು ಮೊದಲು ಎಸೆ ಎಂಬುದು ಸುಲಭವಾದ ಸೂತ್ರ. ಅದರಲ್ಲಿ ಒಂದು ದೋಷವುಂಟು. ಮದುವೆಯ ವಿಡಿಯೋವೊಂದನ್ನು ಒಂದೇ ಸಲ ನೋಡಿದರೂ ಅದು ದಾಸ್ತಾನಿಗೆಲ್ಲ ತುಂಬಿಕೊಂಡು, ದಿನವೂ ಬೇಕಾಗುವ ಕಡತಗಳನ್ನು ಹೊರಕ್ಕೆ ನೂಕಿಬಿಡುತ್ತದೆ. ಒಂದು ದಿನದ ಬೀಗರ ಊಟಕ್ಕಾಗಿ ವರ್ಷದ ರಾಗಿಯನ್ನು ಅಂಗಳಕ್ಕೆ ಹಾಕಿದಂತೆ. ಲಿನಕ್ಸ್ ಈ ಕಾರಣದಿಂದ ಎರಡು ಪಟ್ಟಿಗಳನ್ನು ಇಟ್ಟುಕೊಂಡಿದೆ. ಒಮ್ಮೆ ಮಾತ್ರ ಬಂದವು ಒಂದರಲ್ಲಿ, ಮತ್ತೆ ಮತ್ತೆ ಬೇಕಾದವು ಇನ್ನೊಂದರಲ್ಲಿ. ಐ.ಬಿ.ಎಂ.ನ ಅಲ್ಮಡೆನ್ ಸಂಶೋಧನಾಲಯದ ನಿಮ್ರೋಡ್ ಮೆಗಿಡೊ ಮತ್ತು ಧರ್ಮೇಂದ್ರ ಮೋಧಾ ಎಂಬವರು 2003ರಲ್ಲಿ ಪ್ರಕಟಿಸಿದ ಎ.ಆರ್.ಸಿ. ಎಂಬ ವಿಧಾನವು ಇನ್ನೂ ಒಂದು ಹೆಜ್ಜೆ ಮುಂದಿದೆ. ಎಸೆದ ಕಡತಗಳ ಹೆಸರುಗಳನ್ನೂ ಅದು ಕೆಲಕಾಲ ನೆನಪಿನಲ್ಲಿಟ್ಟುಕೊಂಡು, ಎಸೆಯಬಾರದ್ದನ್ನು ಎಸೆದೆನೆಂದು ತಿಳಿದರೆ ಎರಡು ಪಟ್ಟಿಗಳ ಪಾಲನ್ನು ತಾನೇ ಹೊಂದಿಸಿಕೊಳ್ಳುತ್ತದೆ.

ಇಷ್ಟೆಲ್ಲ ವಿವೇಕವಿರುವ ಏರ್ಪಾಡಿಗೆ ನಾವು ಹೊರಗಿನಿಂದ ಮಿತಿ ಹಾಕುವ ಅಗತ್ಯವು ಸಾಮಾನ್ಯವಾಗಿ ಇಲ್ಲ. ಆದರೆ ಅಂತಹ ಅಗತ್ಯ ಬಿದ್ದ ಕಾಲವೊಂದಿತ್ತು. 1997ರಲ್ಲಿ ಚಾಮರಾಜನಗರವು ಮೈಸೂರಿನಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾಯಿತು. ಅದರ ಮುಂದಿನ ವರ್ಷಗಳೆಂದರೆ ನಾಡಿನ ಚಿಕ್ಕ ಊರುಗಳಲ್ಲೆಲ್ಲ ಅಚ್ಚುಮೊಳೆಗಳು ಹಿಂದೆ ಸರಿದು ಡಿ.ಟಿ.ಪಿ. ಅಂಗಡಿಗಳು ತಲೆಯೆತ್ತಿದ ಕಾಲ. ಬರಹ, ನುಡಿ ಮೊದಲಾದ ಕನ್ನಡ ತಂತ್ರಾಂಶಗಳು ವಿಂಡೋಸ್ 98ರ ಮೇಲೆ ಓಡುತ್ತಿದ್ದ ಕಾಲ. ಮೆಮೊರಿಯ ಬೆಲೆ ಇಳಿದಾಗ, ಇನ್ನಷ್ಟು ಹಾಕಿದರೆ ಯಂತ್ರವು ಇನ್ನಷ್ಟು ಚುರುಕಾದೀತೆಂದು 512 ಮೆಗಾಬೈಟಿಗಿಂತ ಹೆಚ್ಚು ಹಾಕಿಸಿದವರಿಗೆ ಒಂದು ವಿಚಿತ್ರವು ಕಾದಿತ್ತು. ಯಂತ್ರವು ಮೆಮೊರಿ ಸಾಲದು ಎಂದು ದೂರತೊಡಗಿತು!

ಕಾರಣವನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ವಿವರಿಸಿದೆ. ವಿಂಡೋಸ್ 95, 98, ಎಂ.ಇ. ಆವೃತ್ತಿಗಳಲ್ಲಿ ವಿಕ್ಯಾಶ್ ಎಂಬ ಅಂಗವು ಯಂತ್ರವು ಏಳುವಾಗಲೇ ಇರುವ ಮೆಮೊರಿಯನ್ನು ಅಳೆದು, ಕೈದಾಸ್ತಾನು ಗರಿಷ್ಠ ಎಷ್ಟಕ್ಕೆ ಬೆಳೆಯಬಹುದೆಂದು ಲೆಕ್ಕ ಹಾಕಿ, ಅಷ್ಟಕ್ಕೂ ವಿಳಾಸಗಳನ್ನು ಮುಂಗಡವಾಗಿ ಕಾದಿರಿಸಿಬಿಡುತ್ತಿತ್ತು. ವ್ಯವಸ್ಥೆಯ ಪಾಲಿಗಿದ್ದ ವಿಳಾಸಗಳೇ ಸುಮಾರು 1 ಗಿಗಾಬೈಟಿನ ವಿಸ್ತಾರದವು. ಬೀದಿಯಲ್ಲಿ ನಿವೇಶನಗಳು ಖಾಲಿ ಬಿದ್ದಿವೆ, ಆದರೆ ಮನೆ ನಂಬರುಗಳನ್ನೆಲ್ಲ ಒಬ್ಬನೇ ಬರೆಸಿಕೊಂಡಿದ್ದಾನೆ. ಹೊಸಬನು ಮನೆ ಕಟ್ಟುವಂತಿಲ್ಲ. ಪರಿಹಾರ ಸರಳವಾಗಿತ್ತು. ಸಿಸ್ಟಂ ಡಾಟ್ ಐ.ಎನ್.ಐ. ಎಂಬ ಕಡತದ ವಿಕ್ಯಾಶ್ ಶೀರ್ಷಿಕೆಯ ಕೆಳಗೆ ಮ್ಯಾಕ್ಸ್ ಫೈಲ್ ಕ್ಯಾಶ್ ಎಂದು ಬರೆದು, 512 ಮೆಗಾಬೈಟನ್ನು ಕಿಲೋಬೈಟಿಗೆ ಇಳಿಸಿದ 5,24,288 ಎಂಬ ಅಂಕಿಯನ್ನೋ ಅದಕ್ಕಿಂತ ಕಡಿಮೆಯಾದುದನ್ನೋ ನಮೂದಿಸಿದರೆ ದೂರು ನಿಲ್ಲುತ್ತಿತ್ತು. ಇಂದಿನ ವ್ಯವಸ್ಥೆಗಳಿಗೆ ಈ ಕಾಯಿಲೆಯಿಲ್ಲ. ಆದರೆ ಕೈದಾಸ್ತಾನಿಗೆ ಮಿತಿ ಹಾಕಬೇಕೆಂಬ ಉಪದೇಶ ಬಾಯಿಂದ ಬಾಯಿಗೆ ಹರಡಿ, ಕಾರಣವು ಮರೆತುಹೋದ ಮೇಲೂ ಉಳಿದುಕೊಂಡಿದೆ.

ಬರೆಯುವ ದಾಸ್ತಾನಿನ ಅಪಾಯ

ಈ ತನಕ ಹೇಳಿದ್ದು ಓದಿನ ಮಾತಾಯಿತು. ಬರೆಯುವಾಗ ಪರಿಸ್ಥಿತಿ ತಲೆಕೆಳಗಾಗುತ್ತದೆ. ತಂತ್ರಾಂಶವು ಈ ಕಡತವನ್ನು ಡಿಸ್ಕಿಗೆ ಬರೆ ಎಂದಾಗ ಕಾರ್ಯಾಚರಣ ವ್ಯವಸ್ಥೆಯು ಅದನ್ನು ಮೆಮೊರಿಯಲ್ಲಿರಿಸಿಕೊಂಡು, ಆಯಿತು ಎಂದು ಉತ್ತರಿಸಿ, ಡಿಸ್ಕಿಗೆ ಬರೆಯುವ ಕೆಲಸವನ್ನು ಆಮೇಲೆ ಬಿಡುವಿನಲ್ಲಿ ಮಾಡುತ್ತದೆ. ಇದರಿಂದ ಲಾಭ ಬಹಳ. ಹತ್ತು ಸಲ ತಿದ್ದಿದ ಪುಟವನ್ನು ಒಂದೇ ಸಲ ಬರೆದರಾಯಿತು. ಹುಟ್ಟಿದ ಕ್ಷಣದಲ್ಲೇ ಅಳಿಸಿಹೋಗುವ ತಾತ್ಕಾಲಿಕ ಕಡತಗಳನ್ನು ಬರೆಯಲೇ ಬೇಕಾಗಿಲ್ಲ. ಹೀಗೆ ಮೆಮೊರಿಯಲ್ಲಿ ಬದಲಾಗಿ ಡಿಸ್ಕಿಗೆ ಇನ್ನೂ ತಲುಪದ ಪುಟವನ್ನು ಮಾಸಿದ ಪುಟ ಎನ್ನುತ್ತಾರೆ. ಓದುವ ದಾಸ್ತಾನಿನ ಮೂಲವು ಡಿಸ್ಕಿನಲ್ಲಿರುತ್ತದೆ. ಮಾಸಿದ ಪುಟಕ್ಕಾದರೋ ಮೆಮೊರಿಯಲ್ಲಿರುವುದೇ ಮೂಲ. ಆ ಗಳಿಗೆಯಲ್ಲಿ ವಿದ್ಯುತ್ತು ಹೋದರೆ ಅದು ಎಲ್ಲಿಯೂ ಇಲ್ಲ.

ಇದು ಬರಿಯ ಊಹೆಯ ಭಯವಲ್ಲ. 1993ರ ಮಾರ್ಚಿಯಲ್ಲಿ ಹೊರಬಂದ ಎಂ.ಎಸ್.ಡಾಸ್ 6.0 ಆವೃತ್ತಿಯಲ್ಲಿ ಸ್ಮಾರ್ಟ್ ಡ್ರೈವ್ ಎಂಬ ಅಂಗವು ಬರವಣಿಗೆಯನ್ನು ಹೀಗೆ ತಡೆಹಿಡಿಯುತ್ತಿತ್ತು. ಪರದೆಯ ಮೇಲೆ ಕೆಲಸ ಮುಗಿದ ಗುರುತು ಬಂದ ಕೂಡಲೆ ಜನರು ಯಂತ್ರವನ್ನು ಆರಿಸುವುದು ವಾಡಿಕೆ. ಕಡತಗಳು ಕೆಟ್ಟವು, ದೂರುಗಳು ಬಂದವು. ಅದೇ ವರ್ಷದ ನವೆಂಬರಿನ 6.2 ಆವೃತ್ತಿಯಲ್ಲಿ, ಬರೆಯುವುದು ಪೂರ್ತಿಯಾಗುವ ತನಕ ಆ ಗುರುತೇ ಬಾರದಂತೆ ತಿದ್ದಬೇಕಾಯಿತು. ಯೂನಿಕ್ಸ್ ವ್ಯವಸ್ಥೆಯಲ್ಲಿ ಮಾಸಿದ ಪುಟಗಳನ್ನೆಲ್ಲ 30 ಸೆಕೆಂಡಿಗೊಮ್ಮೆ ಡಿಸ್ಕಿಗೆ ಸಾಗಿಸುವ ಪದ್ಧತಿ ಹಿಂದಿನಿಂದಲೂ ಇತ್ತು. ಲಿನಕ್ಸಿನಲ್ಲಿಯೂ 30 ಸೆಕೆಂಡು ಹಳತಾದ ಪುಟವನ್ನು ಬರೆಯತಕ್ಕದ್ದೆಂಬ ನಿಯಮವಿದೆ. ಅಂತಹವು ಇವೆಯೇ ಎಂದು 5 ಸೆಕೆಂಡಿಗೊಮ್ಮೆ ಎದ್ದು ನೋಡುವ ಆಳೂ ಉಂಟು.

ಈಗ ಗುಂಡ್ಲುಪೇಟೆಗೆ ಬರೋಣ. ಊಟಿಗೂ ವಯನಾಡಿಗೂ ಹೋಗುವ ದಾರಿಗಳು ಅಗಲುವ ಊರು ಅದು. ಇಂತಹ ಊರಿನ ಬಸ್ ನಿಲ್ದಾಣದ ಸುತ್ತಿನ ನಕಲು ಅಂಗಡಿಗಳಲ್ಲಿ ಈ ನೋಟವು ಅಪರೂಪವಲ್ಲ: ಗಿರಾಕಿಯು ಪೆನ್ ಡ್ರೈವನ್ನು ಕೊಡುತ್ತಾನೆ, ಅಂಗಡಿಯವನು ಮದುವೆಯ ಚಿತ್ರಗಳನ್ನೋ ಅರ್ಜಿಗಳ ಪ್ರತಿಗಳನ್ನೋ ಅದಕ್ಕೆ ಹಾಕುತ್ತಾನೆ, ಪರದೆಯ ಮೇಲಿನ ಪಟ್ಟಿ ಸರ್ರನೆ ತುಂಬಿ ಮುಗಿಯಿತೆನ್ನುತ್ತದೆ, ಹೊರಗೆ ಬಸ್ಸು ಹೊರಡುವ ಸದ್ದು, ಗಿರಾಕಿಯು ಪೆನ್ ಡ್ರೈವನ್ನು ಕಿತ್ತುಕೊಂಡು ಓಡುತ್ತಾನೆ. ಮನೆಗೆ ಹೋಗಿ ತೆರೆದರೆ ಅರ್ಧ ಚಿತ್ರಗಳು ತೆರೆಯುವುದಿಲ್ಲ. ಅಂಗಡಿಯವನನ್ನು ಬೈಯುತ್ತಾರೆ, ಪೆನ್ ಡ್ರೈವನ್ನು ಬೈಯುತ್ತಾರೆ. ಇಬ್ಬರ ತಪ್ಪೂ ಅಲ್ಲದೆ ಇರಬಹುದು.

ಲೆಕ್ಕ ಹಾಕಿ ನೋಡೋಣ. ಲಿನಕ್ಸಿನಲ್ಲಿ ಮಾಸಿದ ಪುಟಗಳಿಗೆ ಎರಡು ಮಿತಿಗಳಿವೆ. ಬಳಕೆಗೆ ಒದಗಬಲ್ಲ ಮೆಮೊರಿಯ ನೂರಕ್ಕೆ 10ರಷ್ಟಾದಾಗ ಹಿನ್ನೆಲೆಯಲ್ಲಿ ಸಾಗಣೆ ಆರಂಭವಾಗಬೇಕು. ನೂರಕ್ಕೆ 20ರಷ್ಟಾದಾಗ ಬರೆಯುವ ತಂತ್ರಾಂಶವನ್ನೇ ತಡೆದು ನಿಲ್ಲಿಸಬೇಕು. ಮೂಲದಲ್ಲಿ ಇಟ್ಟಿರುವ ಅಂಕಿಗಳು ಇವು. 4 ಗಿಗಾಬೈಟಿನ ಯಂತ್ರದಲ್ಲಿ 3 ಗಿಗಾಬೈಟು ಒದಗಬಲ್ಲುದೆಂದರೆ ಎರಡನೆಯ ಮಿತಿ ಸುಮಾರು 600 ಮೆಗಾಬೈಟು. ಅಗ್ಗದ ಪೆನ್ ಡ್ರೈವು ಸೆಕೆಂಡಿಗೆ 5 ಮೆಗಾಬೈಟು ಬರೆಯುತ್ತದೆಂದು ಹಿಡಿದರೆ, ಪರದೆಯು ಮುಗಿಯಿತೆಂದ ಮೇಲೂ ಎರಡು ನಿಮಿಷದ ಕೆಲಸ ಬಾಕಿ ಇರಬಹುದು. ಅಂಗಡಿಯವನು ಅನುಕೂಲಸ್ಥನಾಗಿ 16 ಗಿಗಾಬೈಟಿನ ಯಂತ್ರವನ್ನು ತಂದನೆನ್ನಿ. ಈಗ ಮಿತಿಯು 3 ಗಿಗಾಬೈಟಿಗೆ ಏರಿತು; ಬಾಕಿ ಕೆಲಸ ಹತ್ತು ನಿಮಿಷ! ಯಂತ್ರವು ದೊಡ್ಡದಾದಷ್ಟೂ ಸುಳ್ಳೂ ದೊಡ್ಡದಾಗುತ್ತದೆ. ಮೆಮೊರಿಯು ಮೆಗಾಬೈಟುಗಳಲ್ಲಿದ್ದ ದಿನಗಳಲ್ಲಿ ನೂರಕ್ಕೆ ಇಷ್ಟು ಎಂಬ ಲೆಕ್ಕ ಚೆನ್ನಾಗಿಯೇ ಇತ್ತು. ಮೆಮೊರಿ ಬೆಳೆಯಿತು, ಪೆನ್ ಡ್ರೈವಿನ ವೇಗ ಅದರೊಡನೆ ಬೆಳೆಯಲಿಲ್ಲ. 2013ರಲ್ಲಿ ಲಿನಕ್ಸನ್ನು ಕಟ್ಟುವವರ ನಡುವೆಯೇ ಈ ಬಗ್ಗೆ ಚರ್ಚೆ ನಡೆದು, ಮೂಲದ ಅಂಕಿಗಳು ಇಂದಿನ ಯಂತ್ರಗಳಿಗೆ ಒಪ್ಪುವುದಿಲ್ಲವೆಂಬ ಮಾತನ್ನು ಲೈನಸ್ ಟೊರ್ವಾಲ್ಡ್ಸ್ ಅವರೂ ಆಡಿದ್ದರು.

ಮಿತಿ ಮುಟ್ಟಿದಾಗ ಇನ್ನೊಂದು ತೊಂದರೆಯುಂಟು. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ವನ್ಯಮೃಗಗಳ ರಕ್ಷಣೆಗಾಗಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವು 2009ರಲ್ಲಿ ಜಾರಿಗೆ ಬಂದುದು ವಾಚಕರಿಗೆ ತಿಳಿದಿದೆ. ದಾರಿ ಮುಚ್ಚಿದಾಗ ಕಾಡಿನ ಈಚೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಆ ಸಾಲು ಊರೊಳಗಿನ ತನಕ ಬೆಳೆದುಬಿಟ್ಟರೆ, ಕಾಡಿಗೆ ಹೋಗಬೇಕಾಗಿಯೇ ಇಲ್ಲದ, ಪಕ್ಕದ ಹಳ್ಳಿಯಿಂದ ಚೆಂಡುಹೂವನ್ನು ತಂದ ಗಾಡಿಯೂ ಅದರ ಹಿಂದೆ ಸಿಕ್ಕಿಕೊಳ್ಳುವುದಿಲ್ಲವೆ? ಹಾಗೆಯೇ, ನಿಧಾನವಾದ ಪೆನ್ ಡ್ರೈವಿಗೆ ಹೋಗಬೇಕಾದ ಪುಟಗಳು ಮಿತಿಯನ್ನೆಲ್ಲ ತುಂಬಿಕೊಂಡರೆ, ವೇಗವಾದ ಡಿಸ್ಕಿಗೆ ಒಂದು ಚಿಕ್ಕ ಪತ್ರವನ್ನು ಬರೆಯಬೇಕಾದ ತಂತ್ರಾಂಶವೂ ಕಾದು ನಿಲ್ಲಬೇಕಾಗುತ್ತದೆ. ಪರದೆಯ ಮೇಲಿನ ಬಾಣದ ಗುರುತು ಹೆಪ್ಪುಗಟ್ಟಿದಂತೆ ತೋರುವುದು ಆಗಲೇ. 2008ರ ಜನವರಿಯಲ್ಲಿ ಬಂದ ಲಿನಕ್ಸ್ 2.6.24ರಿಂದ ಪ್ರತಿಯೊಂದು ಸಾಧನಕ್ಕೂ ಅದರ ವೇಗಕ್ಕೆ ತಕ್ಕ ಪಾಲನ್ನು ಕೊಡುವ ಏರ್ಪಾಡು ಆಗಿರುವುದರಿಂದ ಈ ಕಾಟ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಪಹಣಿಯ ಲೆಕ್ಕ

ಇಷ್ಟು ಅಪಾಯವಿದ್ದರೆ ಮುಖ್ಯವಾದ ದಾಖಲೆಗಳನ್ನು ಕಂಪ್ಯೂಟರಿಗೆ ಒಪ್ಪಿಸುವುದು ಹೇಗೆಂದು ಯಾರಾದರೂ ಕೇಳಬಹುದು. ಯೋಗ್ಯವಾದ ಪ್ರಶ್ನೆ. ಈ ಶತಮಾನದ ಆರಂಭದಲ್ಲಿ ಭೂಮಿ ಎಂಬ ಯೋಜನೆಯ ಮೂಲಕ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲೆಲ್ಲ ಅದು ನಡೆಯುತ್ತಿತ್ತು. ಚಾಮರಾಜನಗರ, ಗುಂಡ್ಲುಪೇಟೆಗಳೂ ಅದರಲ್ಲಿ ಸೇರಿದ್ದವು. ಅರಿಸಿನ ಬೆಳೆಯುವ ರೈತನೊಬ್ಬನು ಬೆಳೆಸಾಲಕ್ಕೆಂದು ಪಹಣಿಯನ್ನು ಕೇಳಿದಾಗ, ಅವನ ತಂದೆಯ ಹೆಸರಿನಿಂದ ಅವನ ಹೆಸರಿಗೆ ಬದಲಾದ ಖಾತೆಯು ಅಲ್ಲಿ ಇರಲೇಬೇಕು. ಖಾತೆ ಬದಲಾಯಿಸಿದ ಮರುಗಳಿಗೆ ವಿದ್ಯುತ್ತು ಹೋಯಿತೆಂಬ ಸಬೂಬು ನಡೆಯದು.

ಇಂತಹ ಕೆಲಸಕ್ಕೆ ಬಳಸುವ ದತ್ತಸಂಚಯ ತಂತ್ರಾಂಶಗಳು ಕಾರ್ಯಾಚರಣ ವ್ಯವಸ್ಥೆಯ ಆಯಿತು ಎಂಬ ಮಾತನ್ನು ನಂಬುವುದಿಲ್ಲ. ಅವು ಮೊದಲು ಬದಲಾವಣೆಯನ್ನು ಒಂದು ದಿನಚರಿ ಕಡತದಲ್ಲಿ ಬರೆದು, ಅದು ಡಿಸ್ಕನ್ನು ಮುಟ್ಟಿತೆಂದು ಖಚಿತಪಡಿಸಿಕೊಂಡ ಮೇಲೆಯೇ ಗುಮಾಸ್ತನಿಗೆ ಕೆಲಸವಾಯಿತೆಂದು ತಿಳಿಸುತ್ತವೆ. ನಡುವೆ ಯಂತ್ರ ನಿಂತುಹೋದರೆ, ಎದ್ದ ಮೇಲೆ ದಿನಚರಿಯನ್ನು ಓದಿ ಬಾಕಿ ಉಳಿದುದನ್ನು ಪೂರೈಸುತ್ತವೆ. ಡಿಸ್ಕಿಗೆ ಈಗಲೇ ಬರೆ, ಬರೆದ ಮೇಲೆಯೇ ಹೇಳು ಎಂಬ ಈ ಬಗೆಯ ಆಜ್ಞೆಗೆ ಯೂನಿಕ್ಸ್ ಪರಂಪರೆಯಲ್ಲಿ ಎಫ್‌ಸಿಂಕ್ ಎಂದು ಹೆಸರು. ಸಾಮಾನ್ಯ ತಂತ್ರಾಂಶಗಳು ಇದನ್ನು ಕೊಡಲು ಸೋಮಾರಿತನ ಮಾಡಿದರೆ ಏನಾದೀತೆಂಬುದು 2009ರಲ್ಲಿ ಕಂಡುಬಂದಿತು. ಲಿನಕ್ಸಿನ ಆಗಿನ ಹೊಸ ಕಡತವ್ಯವಸ್ಥೆಯಾದ ಎಕ್ಸ್ಟ್4ನಲ್ಲಿ, ಯಂತ್ರವು ಹಠಾತ್ತಾಗಿ ನಿಂತು ಎದ್ದಾಗ ಕೆಲವು ಕಡತಗಳು ಹೆಸರು ಮಾತ್ರ ಉಳಿದು ಒಳಗೆ ಏನೂ ಇಲ್ಲದಂತಾಗಿದ್ದವು. ಆಜ್ಞೆ ಕೊಡದಿದ್ದುದು ತಂತ್ರಾಂಶಗಳ ತಪ್ಪೆಂದು ಕಡತವ್ಯವಸ್ಥೆಯನ್ನು ಕಟ್ಟಿದವರು ವಾದಿಸಿದರೂ, ಕೊನೆಗೆ ಅವರೇ ಒಂದಿಷ್ಟು ಇಳಿದುಬಂದು, ಅಂತಹ ಸಂದರ್ಭಗಳಲ್ಲಿ ಬೇಗನೆ ಬರೆಯುವಂತೆ ತಿದ್ದಿದರು. ವಾದದಲ್ಲಿ ಅವರ ಪಕ್ಷವೇ ಸರಿಯೆಂದು ನಮಗೆ ತೋರುತ್ತದೆ. ಆದರೆ ಕಡತ ಕಳೆದುಕೊಂಡವನಿಗೆ ವಾದದಿಂದ ಸಮಾಧಾನವಿಲ್ಲವಷ್ಟೆ.

ಮಿತಿಯನ್ನು ಹಾಕುವ ಬಗೆ

ಆದುದರಿಂದ ಮನೆಯ ಅಥವಾ ಅಂಗಡಿಯ ಯಂತ್ರದಲ್ಲಿ ಮಿತಿ ಹಾಕುವುದಾದರೆ ಮಾಸಿದ ಪುಟಗಳಿಗೆ ಹಾಕಬೇಕು. ಓದುವ ದಾಸ್ತಾನನ್ನು ಅದರ ಪಾಡಿಗೆ ಬಿಡಬೇಕು. ಲಿನಕ್ಸಿನಲ್ಲಿ ಶೇಕಡಾ ಲೆಕ್ಕದ ಬದಲು ಬೈಟುಗಳ ಲೆಕ್ಕವನ್ನೇ ಕೊಡಲು ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ ಮತ್ತು ಡರ್ಟಿ ಬೈಟ್ಸ್ ಎಂಬ ಎರಡು ಅಂಕಿಗಳಿಗೆ ಅವಕಾಶವಿದೆ. ಇವನ್ನು ನಮೂದಿಸಿದೊಡನೆ ಅವುಗಳ ಶೇಕಡಾ ಜೋಡಿಗಳು ತಾವಾಗಿ ಸೊನ್ನೆಯಾಗುತ್ತವೆ. ಪೆನ್ ಡ್ರೈವಿನ ವ್ಯವಹಾರವೇ ಹೆಚ್ಚಾಗಿರುವ ಅಂಗಡಿಯಲ್ಲಿ ಮೊದಲನೆಯದಕ್ಕೆ 16 ಮೆಗಾಬೈಟು, ಎಂದರೆ 1,67,77,216. ಎರಡನೆಯದಕ್ಕೆ 48 ಮೆಗಾಬೈಟು, ಎಂದರೆ 5,03,31,648 ಎಂದು ಕೊಡಬಹುದು. ಬರೆಯುವಾಗ ನಡುವಣ ಅಲ್ಪವಿರಾಮಗಳು ಬೇಡ. ಸೆಕೆಂಡಿಗೆ 5 ಮೆಗಾಬೈಟಿನ ಲೆಕ್ಕದಲ್ಲಿ ಬಾಕಿ ಕೆಲಸವು ಹತ್ತು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಪರದೆಯ ಮೇಲಿನ ಪಟ್ಟಿಯು ಮೊದಲಿಗಿಂತ ನಿಧಾನವಾಗಿ ತುಂಬುವುದು ನಿಜ. ಆದರೆ ಅದು ಈಗ ಸುಮಾರಾಗಿ ಸತ್ಯವನ್ನು ನುಡಿಯುತ್ತಿದೆ. ಮೊದಲು ತೋರಿಸುತ್ತಿದ್ದುದು ಗುಡಾಣ ತುಂಬಿದ ವೇಗವನ್ನೇ ಹೊರತು ಊರು ಮುಟ್ಟಿದ ವೇಗವನ್ನಲ್ಲ.

ಎಲ್ಲರಿಗೂ ಇದೇ ಅಂಕಿ ಸಲ್ಲದು. ಎಸ್.ಎಸ್.ಡಿ. ಇದ್ದು, ದೊಡ್ಡ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವವರು, ತಂತ್ರಾಂಶಗಳನ್ನು ಕಟ್ಟುವವರು ಇಷ್ಟು ಬಿಗಿ ಮಾಡಿದರೆ ತಾತ್ಕಾಲಿಕ ಕಡತಗಳೆಲ್ಲ ವ್ಯರ್ಥವಾಗಿ ಡಿಸ್ಕಿಗೆ ಹೋಗಿ ಕೆಲಸ ಕುಂಟುತ್ತದೆ. ಅವರು 256 ಮೆಗಾಬೈಟಿನ ತನಕ ಸಡಿಲ ಬಿಡಬಹುದು. ಸ್ವಾಪಿನೆಸ್ ಎಂಬ ಇನ್ನೊಂದು ಅಂಕಿಯ ಬಗ್ಗೆಯೂ ಜನರು ಬಹಳ ಮಾತನಾಡುತ್ತಾರೆ. ಮೆಮೊರಿ ಸಾಲದಾದಾಗ ದಾಸ್ತಾನನ್ನು ಎಸೆಯಬೇಕೋ, ತಂತ್ರಾಂಶಗಳ ಪುಟಗಳನ್ನು ಡಿಸ್ಕಿಗೆ ಇಳಿಸಬೇಕೋ ಎಂಬುದನ್ನು ಅದು ತೂಗುತ್ತದೆ. ಮೂಲದಲ್ಲಿ ಅದು 60. ಹಾರ್ಡ್ ಡಿಸ್ಕಿನ ಹಳೆಯ ಯಂತ್ರವು ತಂತ್ರಾಂಶ ಬದಲಿಸುವಾಗಲೆಲ್ಲ ಮುಗ್ಗರಿಸುತ್ತಿದ್ದರೆ ಇಳಿಸಿ ನೋಡಬಹುದು. ಹಾಗಿಲ್ಲದಿದ್ದರೆ ಮುಟ್ಟದಿರುವುದೇ ಲೇಸು.

ಓದುವ ದಾಸ್ತಾನಿಗೂ ಮಿತಿ ಬೇಕಾಗುವ ಒಂದು ಸಂದರ್ಭ ಮಾತ್ರ ಉಳಿದಿದೆ. ಜ಼ಡ್.ಎಫ್.ಎಸ್. ಎಂಬ ಕಡತವ್ಯವಸ್ಥೆಯು ಮೇಲೆ ಹೇಳಿದ ಎ.ಆರ್.ಸಿ. ವಿಧಾನದ ತನ್ನದೇ ದಾಸ್ತಾನನ್ನು ಇಟ್ಟುಕೊಳ್ಳುತ್ತದೆ. ಲಿನಕ್ಸಿನ ಸಾಮಾನ್ಯ ದಾಸ್ತಾನಿನಷ್ಟು ಚುರುಕಾಗಿ ಅದು ಜಾಗವನ್ನು ಬಿಟ್ಟುಕೊಡುವುದಿಲ್ಲ, ಫ್ರೀ ಆಜ್ಞೆಯ ಲೆಕ್ಕದಲ್ಲಿಯೂ ದಾಸ್ತಾನೆಂದು ಕಾಣಿಸುವುದಿಲ್ಲ. ಅದನ್ನು ಬಳಸುವವರು ಜ಼ಡ್.ಎಫ್.ಎಸ್. ಆರ್ಕ್ ಮ್ಯಾಕ್ಸ್ ಎಂಬ ಅಂಕಿಯನ್ನು ತಮ್ಮ ತಂತ್ರಾಂಶಗಳ ಹಸಿವನ್ನು ನೋಡಿಕೊಂಡು ಗೊತ್ತುಮಾಡುವುದು ಉಚಿತ.

ವಿಂಡೋಸ್ ಬಳಸುವವರಿಗೆ ಪೆನ್ ಡ್ರೈವಿನ ಮಟ್ಟಿಗೆ ಅಷ್ಟು ಯೋಚನೆಯಿಲ್ಲ. 2018ರ ವಿಂಡೋಸ್ 10, 1809ನೆಯ ಆವೃತ್ತಿಯಿಂದ ಹೊರಗಿನ ಡಿಸ್ಕುಗಳಿಗೆ ಕ್ವಿಕ್ ರಿಮೂವಲ್ ಎಂಬ ನೀತಿಯೇ ಮೂಲದಲ್ಲಿರುತ್ತದೆ. ಅದರಲ್ಲಿ ಬರವಣಿಗೆಯನ್ನು ತಡೆಹಿಡಿಯುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಆ ಡಿಸ್ಕಿನ ಪಾಲಿಸೀಸ್ ಪುಟವನ್ನು ತೆರೆದರೆ ಯಾವುದಿದೆಯೆಂದು ಕಾಣುತ್ತದೆ.

ಲಿನಕ್ಸಿನವರು ಹೊಸ ಅಂಕಿಗಳನ್ನು ಹಾಕುವ ಮೊದಲೂ ಹಾಕಿದ ಮೇಲೂ ಒಂದು ಪರೀಕ್ಷೆ ಮಾಡಬೇಕು. ಮಿನುಗುವ ದೀಪವುಳ್ಳ ಪೆನ್ ಡ್ರೈವೊಂದಕ್ಕೆ ಅರ್ಧ ಗಿಗಾಬೈಟಿನ ಕಡತವನ್ನು ಹಾಕಿ, ಪ್ರಾಕ್ ಕೋಶದ ಮೆಮ್‌ಇನ್ಫೋ ಎಂಬ ಕಡತದಲ್ಲಿ ಡರ್ಟಿ ಎಂಬ ಸಾಲನ್ನು ಸೆಕೆಂಡಿಗೊಮ್ಮೆ ನೋಡುತ್ತಿರಿ. ಮೊದಲ ಸಲ ಅದು ಕಣ್ಣೆದುರಿಗೇ ಮೇಲೇರಿ, ಪರದೆಯು ಮುಗಿಯಿತೆಂದ ಎಷ್ಟೋ ಹೊತ್ತಿನ ಮೇಲೆ ಮೆಲ್ಲಗೆ ಇಳಿಯುತ್ತದೆ. ಅಲ್ಲಿಯ ತನಕ ದೀಪ ಮಿನುಗುತ್ತಲೇ ಇರುತ್ತದೆ. ಎರಡನೆಯ ಸಲ 48 ಮೆಗಾಬೈಟಿನ ಆಚೆಗೆ ಅದು ಹೆಚ್ಚು ದೂರ ಹೋಗದು. ಮಿತಿ ಹಾಕಿದ ಮಾತ್ರಕ್ಕೆ ಪೆನ್ ಡ್ರೈವನ್ನು ಹಾಗೆಯೇ ಕೀಳಬಹುದೆಂದಲ್ಲ. ಆ ಕೊನೆಯ ಹತ್ತು ಸೆಕೆಂಡು ಈಗಲೂ ಉಂಟು. ಇಜೆಕ್ಟ್ ಗುಂಡಿಯನ್ನು ಒತ್ತಿ ಅನುಮತಿ ಬರುವ ತನಕ ಬಸ್ಸಿನವನು ಹಾರ್ನು ಹೊಡೆಯುತ್ತಿರಲಿ.